ಮಳೆಗೆ ಮುಂಚೆ ವ್ಯಾನನ್ನೂ ನೋಡಿ, ಪಾಲಿಸಿಯನ್ನೂ ನೋಡಿ

ಕ್ಯಾರವಾನ್ ಎಂದರೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಸಿನಿಮಾ ನಟರು ಚಿತ್ರೀಕರಣದ ನಡುವೆ ವಿಶ್ರಾಂತಿ ಪಡೆಯುವ ತಂಪು ಬಸ್ಸು. ಆದರೆ ಫಾರ್ಸಿಯ ಕಾರವಾನ್ ಎಂಬ ಪದ ಉರ್ದು ಬಲ್ಲ ಮನೆಗಳಿಗೆ ಹೊಸದಲ್ಲ. ಒಂಟೆಗಳ ಸಾಲು, ಸರಕು, ಹೆಂಗಸರು, ಮಕ್ಕಳು, ಅಡಿಗೆಯ ಪಾತ್ರೆ ಎಲ್ಲವೂ ಒಟ್ಟಿಗೆ ಸಾಗುವ ತಂಡಕ್ಕೆ ಆ ಹೆಸರು. ಅದೇ ಪದ ಯುರೋಪಿಗೆ ಹೋಗಿ, ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಚಕ್ರದ ಮನೆಯ ಹೆಸರಾಯಿತು. ಅಲ್ಲಿಯವರು ಚಳಿಗಾಲದಲ್ಲಿ ಅದನ್ನು ನಿಲ್ಲಿಸಿಡುತ್ತಾರೆ. ಬಿಸಿಲು ಬಂದಾಗ ತೇವ, ಟೈರು, ಬ್ರೇಕು, ಗ್ಯಾಸಿನ ಕೊಳವೆ ಎಲ್ಲವನ್ನೂ ಪರೀಕ್ಷಿಸಿ ಮತ್ತೆ ಹೊರಡುತ್ತಾರೆ. ನಮ್ಮ ದೇಶದ ಮೋಟಾರು ವಾಹನ ನಿಯಮಗಳಲ್ಲೂ ಮೋಟಾರು ಕ್ಯಾರವಾನ್ ಎಂಬ ಪ್ರತ್ಯೇಕ ವರ್ಗವಿದೆ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿ ತಂದಿತು.

ಇರಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಮನೆಗಳ ಕಾರವಾನ್ ಯಾವುದು? ಅಂಗಳದ ಹಲಸಿನ ಮರದ ಕೆಳಗೆ ನಿಂತಿರುವ ಓಮ್ನಿ. ಸ್ವಲ್ಪ ಅನುಕೂಲಸ್ಥರಾದರೆ ಈಕೋ. ಮದುವೆ, ವಲೀಮಾ ಎಂದರೆ ಬಾಡಿಗೆಯ ಟೆಂಪೊ ಟ್ರಾವೆಲರ್. ಹಿಂದಿನ ಸೀಟಿನ ಕೆಳಗೆ ಬಿರಿಯಾನಿಯ ಪಾತ್ರೆ, ಮೇಲೆ ಚಾಪೆ, ಮಧ್ಯದಲ್ಲಿ ಅಜ್ಜಿ, ತೊಡೆಯ ಮೇಲೆ ಮೊಮ್ಮಕ್ಕಳು. ಜೋಗಕ್ಕೋ ಆಗುಂಬೆಗೋ ಮುರ್ಡೇಶ್ವರದ ಕಡಲಿಗೋ ಇಡೀ ಕುಟುಂಬ ಹೊರಡುವುದು ಇದರಲ್ಲೇ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಮಲೆನಾಡಿನಲ್ಲಿ ಅದರ ಓಟ ನಿಂತಿಲ್ಲ. ಅಂದರೆ ನಮ್ಮಲ್ಲಿ ಓಡುತ್ತಿರುವ ಓಮ್ನಿಗಳೆಲ್ಲ ಹಳೆಯವೇ. ಹಳೆಯ ಗಾಡಿಗೆ ಆರೈಕೆ ಹೆಚ್ಚು ಬೇಕು. ಅದಕ್ಕಿಂತ ಹೆಚ್ಚಾಗಿ, ಅದರ ಕಾಗದ ಪತ್ರಗಳನ್ನು ಒಮ್ಮೆ ಬಿಡಿಸಿ ಓದಬೇಕು.

ಮೊದಲು ಗಾಡಿಯ ವಿಷಯ ಮುಗಿಸೋಣ.

ಇಂಗ್ಲೆಂಡಿನವರಿಗೆ ಚಳಿಗಾಲವಿದ್ದಂತೆ ನಮಗೆ ಜೂನ್‌ನಿಂದ ಸೆಪ್ಟೆಂಬರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಈ ನಾಲ್ಕು ತಿಂಗಳಲ್ಲಿ ಗಾಡಿಯನ್ನು ತಿನ್ನುವುದು ಓಟವಲ್ಲ, ನಿಲುಗಡೆ. ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುವ ಕಡೆಯಲ್ಲ. ಕಾಲ ಕೆಳಗಿನ ರಬ್ಬರ್ ಮ್ಯಾಟನ್ನು ಎತ್ತಿ ನೋಡಿ. ಮಕ್ಕಳ ಒದ್ದೆ ಚಪ್ಪಲಿಯ ನೀರು ಅದರ ಅಡಿಗೆ ಇಳಿದು ಅಲ್ಲೇ ಕುಳಿತಿರುತ್ತದೆ. ಎಷ್ಟೋ ವ್ಯಾನುಗಳ ತಳ ಬೆರಳಿನಿಂದ ಒತ್ತಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುವುದು ಹೀಗೆ. ಮಳೆಗಾಲ ಮುಗಿಯುವವರೆಗೆ ಮ್ಯಾಟನ್ನು ತೆಗೆದಿಟ್ಟು ಹಳೆಯ ಪತ್ರಿಕೆ ಹಾಸಿ, ಎರಡು ದಿನಕ್ಕೊಮ್ಮೆ ಬದಲಿಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು, ಎಲೆ ತುಂಬಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ತೆಂಗಿನ ಕಡ್ಡಿ ಸಾಕು, ಬಿಡಿಸಿಕೊಳ್ಳಬಹುದು. ಮೇ ತಿಂಗಳಲ್ಲೇ ಅಡಿಭಾಗವನ್ನು ತೊಳೆಸಿ, ಒಣಗಿಸಿ, ಕಪ್ಪು ಲೇಪನ ಹೊಡೆಸಿಬಿಡಿ. ಮಳೆ ಹಿಡಿದ ಮೇಲೆ ಹೊಡೆಸಿದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಕಟ್ಟುವ ಅಭ್ಯಾಸ ನಮ್ಮಲ್ಲಿ ಬಹಳ. ಮಳೆ ಒಳಗೆ ಬರುವುದಿಲ್ಲ ನಿಜ, ಆದರೆ ಆವಿ ಹೊರಗೂ ಹೋಗುವುದಿಲ್ಲ. ಎರಡು ವಾರದಲ್ಲಿ ಸೀಟಿನ ಮೇಲೆ ಬೂಸ್ಟು. ಗಾಳಿ ಆಡುವ ಸೋಗೆ ಮಾಡು ಅಥವಾ ತಗಡಿನ ಮಾಡು ಇದಕ್ಕಿಂತ ಎಷ್ಟೋ ಮೇಲು. ಒಳಗೆ ಒಂದು ಬಟ್ಟೆಯ ಚೀಲದಲ್ಲಿ ಇದ್ದಿಲು ಕಟ್ಟಿಟ್ಟರೆ ತೇವ ಹೀರುತ್ತದೆ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಗಾಡಿಯನ್ನು ಓಡಿಸಿ ತನ್ನಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಬಂದ್ ಮಾಡುವುದರಿಂದ ಬ್ಯಾಟರಿಗೂ ಲಾಭವಿಲ್ಲ, ಬ್ರೇಕಿಗೂ ಇಲ್ಲ. ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಹಿಂದಿನ ಡ್ರಮ್ಮಿನೊಳಗೆ ಲೈನರ್ ಅಂಟಿಕೊಂಡು ಚಕ್ರ ತಿರುಗದಂತಾಗುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಇನ್ನು ಇಲಿ. ಪ್ರವಾಸದಲ್ಲಿ ಚೆಲ್ಲಿದ ಅನ್ನದ ಅಗುಳು, ಬಿಸ್ಕತ್ತಿನ ಪುಡಿ ಸೀಟಿನ ಸಂದಿಯಲ್ಲಿ ಉಳಿದರೆ ಇಲಿ ಬರುತ್ತದೆ, ಬಂದದ್ದು ವೈರನ್ನು ಕಡಿಯದೆ ಹೋಗುವುದಿಲ್ಲ. ಈ ಕೆಲಸ ಮಾತ್ರ ಗಂಡಸರಿಗೆ ಬಿಟ್ಟರೆ ಆಗುವುದಿಲ್ಲ ಎಂದು ಮನೆಯ ಹೆಣ್ಣುಮಕ್ಕಳು ಹೇಳುತ್ತಾರೆ, ನಾನು ವಾದಿಸಲು ಹೋಗುವುದಿಲ್ಲ.

ಘಟ್ಟದ ಮಾತು ಬೇರೆ. ಆಗುಂಬೆಯ ತಿರುವುಗಳಾಗಲಿ, ಹೊಸನಗರ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್ ಬಾಳೆಬರೆ ಘಾಟಿಯಾಗಲಿ, ಹತ್ತುವಾಗ ಎಂಜಿನ್ನಿನ ಪರೀಕ್ಷೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ದ್ರವ. ನಮ್ಮ ಹವೆಯಲ್ಲಿ ಅದು ಬೇಗ ಕೆಡುತ್ತದೆ. ನೀರು ಸೇರಿದ ಎಣ್ಣೆ ಬಿಸಿಯಾದಾಗ ಕುದಿದು ಆವಿಯಾಗುತ್ತದೆ, ಆಗ ಪೆಡಲು ಒತ್ತಿದರೆ ಕಾಲು ತಳಕ್ಕೆ ಹೋಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಪೂರ್ತಿ ಬದಲಿಸಿ, ಬರೀ ತುಂಬಿಸಿಕೊಂಡು ಬರಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ಗೇರು ತೆಗೆದು ಉರುಳಿಸುವವರನ್ನು ಕಂಡರೆ ನನಗೆ ಮೈ ನಡುಗುತ್ತದೆ. ಟೈರಿನ ಬದಿಯಲ್ಲಿ ಮುದ್ರಿಸಿರುವ ನಾಲ್ಕು ಅಂಕಿಗಳನ್ನು ನೋಡಲು ಕಲಿಯಿರಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2316 ಎಂದಿದ್ದರೆ 2016ರ ಇಪ್ಪತ್ತಮೂರನೇ ವಾರದ ಟೈರು. ಓಡಿದ್ದು ಕಡಿಮೆಯೆಂದು ಹಲ್ಲು ಚೆನ್ನಾಗಿ ಕಾಣಬಹುದು, ಆದರೆ ರಬ್ಬರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ.

ಒಂದು ಮಾತು ಗ್ಯಾಸಿನ ಬಗ್ಗೆ. ದಾರಿಯಲ್ಲಿ ಚಹಾ ಮಾಡಿಕೊಳ್ಳಲು ಸಣ್ಣ ಸಿಲಿಂಡರು, ಒಲೆ ಒಯ್ಯುವವರು ಅದನ್ನು ಗಾಡಿಯೊಳಗೆ ಹಚ್ಚಲೇಬಾರದು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ ಎಂಬುದನ್ನು ಮರೆಯಬೇಡಿ. ಗಾಡಿಗೇ ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು. ಸೀಟು ಕಿತ್ತು ಮಂಚ ಹಾಕಿಸುವ ಹೊಸ ಹುಮ್ಮಸ್ಸಿನ ಹುಡುಗರಿಗೂ ಇದೇ ಮಾತು. ಕಂಪನಿ ಮಾಡಿದ ಗಾಡಿಯ ರೂಪವನ್ನು ಅನುಮತಿಯಿಲ್ಲದೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ನಾಳೆ ವಿಮೆಯವರು ಹಣ ಕೊಡದಿರಲು ಅದೊಂದೇ ನೆಪ ಸಾಕು.

ಇಲ್ಲಿಗೆ ಗಾಡಿಯ ಮಾತು ಮುಗಿಯಿತು. ಈ ತಿಂಗಳು ನಾನು ಬರೆಯಲು ಕುಳಿತದ್ದು ನಿಜವಾಗಿ ಮುಂದಿನ ವಿಷಯಕ್ಕೆ.

ಮದ್ರಸಾದಲ್ಲಿ ಕಲಿಸುವವನು ಬಿ.ಎ. ಕೂಡ ಓದಿದ್ದಾನೆಂದು ತಿಳಿದ ಮೇಲೆ, ಇಂಗ್ಲಿಷಿನ ಕಾಗದ ಹಿಡಿದುಕೊಂಡು ಬರುವವರಿಗೆ ಕಡಿಮೆಯಿಲ್ಲ. ಅದರಲ್ಲಿ ವಾಹನದ ಪಾಲಿಸಿಗಳೂ ಇರುತ್ತವೆ. "ಇನ್ಶೂರೆನ್ಸ್ ಇದೆಯಲ್ಲ ಉಸ್ತಾದ್?" ಎಂಬುದು ಪ್ರಶ್ನೆ. ಇದೆ. ಆದರೆ ಯಾರಿಗೆ ಇದೆ? ಹೆಚ್ಚಿನ ಕಾಗದಗಳ ತಲೆಯಲ್ಲಿ 'ಲಯಬಿಲಿಟಿ ಓನ್ಲಿ' ಎಂದು ಅಚ್ಚಾಗಿರುತ್ತದೆ. ಜನ ಇದನ್ನು ಥರ್ಡ್ ಪಾರ್ಟಿ ಎನ್ನುತ್ತಾರೆ. ಕಾಯ್ದೆಯ 146ನೇ ಕಲಮು ಪ್ರತಿ ವಾಹನಕ್ಕೂ ಕಡ್ಡಾಯ ಮಾಡಿರುವುದು ಇದನ್ನೇ. ಪೊಲೀಸರು ಕೇಳುವುದೂ ಇದನ್ನೇ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಸಾವಿರ ಸಿಸಿಯೊಳಗಿನ ಓಮ್ನಿಗೆ ವರ್ಷಕ್ಕೆ 2,094 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿನ ಈಕೋಗೆ 3,416 ರೂಪಾಯಿ, ಮೇಲೆ ತೆರಿಗೆ.

ಹೆಸರೇ ಹೇಳುವಂತೆ ಅದು ಮೂರನೆಯವನ ರಕ್ಷಣೆ. ನಿಮ್ಮ ಗಾಡಿ ಬಡಿದ ಪಾದಚಾರಿಗೆ, ಎದುರು ಬಂದ ಬೈಕಿನವನಿಗೆ ಅದು ಪರಿಹಾರ ಕೊಡುತ್ತದೆ. ಸಾವು, ಗಾಯಗಳಿಗೆ ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟು, ಆಸ್ತಿ ನಷ್ಟಕ್ಕೆ ಏಳೂವರೆ ಲಕ್ಷದವರೆಗೆ. ಒಳ್ಳೆಯದೇ, ಬೇಕಾದದ್ದೇ. ಆದರೆ ನಿಮ್ಮದೇ ವ್ಯಾನಿನ ಒಳಗೆ ಕುಳಿತ ಅಜ್ಜಿ? ತೊಡೆಯ ಮೇಲಿನ ಮಗು? ಪಕ್ಕದ ಸೀಟಿನ ಹೆಂಡತಿ? ಮರಕ್ಕೆ ಬಡಿದೋ ಚರಂಡಿಗೆ ಉರುಳಿಯೋ ಅವರಿಗೆ ಏನಾದರೂ ಆದರೆ? ಖಾಸಗಿ ಕಾರಿನ ಒಳಗಿನ ಪ್ರಯಾಣಿಕರ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2012ರ ತೀರ್ಪಿನಲ್ಲಿ ನ್ಯಾಯಾಲಯ ಎರಡು ಬಗೆಯ ಪಾಲಿಸಿಗಳನ್ನು ಬೇರೆ ಬೇರೆ ಮಾಡಿ ಹೇಳಿತು. ಪ್ಯಾಕೇಜ್ ಅಥವಾ ಕಾಂಪ್ರಿಹೆನ್ಸಿವ್ ಪಾಲಿಸಿಯಾದರೆ ಕಾರಿನಲ್ಲಿದ್ದವರ ಪರಿಹಾರದ ಹೊಣೆ ವಿಮಾ ಕಂಪನಿಯದು. ಕಾನೂನಿನ ಕಡ್ಡಾಯವನ್ನಷ್ಟೇ ಪೂರೈಸುವ ಪಾಲಿಸಿಯಾದರೆ ಅಲ್ಲ. ಬೀದಿಯಲ್ಲಿದ್ದವನಿಗೆ ರಕ್ಷಣೆ ಇದೆ, ಒಳಗಿದ್ದ ನಿಮ್ಮವರಿಗೆ ಇಲ್ಲ. ಎಷ್ಟು ಜನ ಇದನ್ನು ತಿಳಿದು ಸಹಿ ಹಾಕಿದ್ದಾರೆ?

ಹೊಸ ಗಾಡಿ ಕೊಂಡವರಿಗೆ ಇನ್ನೊಂದು ಬಲೆಯಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರು ಕೊಳ್ಳುವಾಗ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೆ ಮಾಡಿಸಲೇಬೇಕು. ಆದರೆ ಸ್ವಂತ ಗಾಡಿಯ ಹಾನಿಯ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಟ್ಟಿರುತ್ತಾರೆ. "ಮೂರು ವರ್ಷ ಚಿಂತೆಯಿಲ್ಲ" ಎಂದು ಕಾಗದವನ್ನು ಡಬ್ಬಿಯಲ್ಲಿ ಹಾಕಿದವರ ಪಾಲಿಸಿ ಎರಡನೇ ವರ್ಷಕ್ಕೆ ಸದ್ದಿಲ್ಲದೆ ಅರ್ಧವಾಗಿರುತ್ತದೆ. ಕಾಗದದಲ್ಲಿ ಎರಡು ತಾರೀಕುಗಳಿರುತ್ತವೆ, ಎರಡನ್ನೂ ನೋಡಿ.

ಇನ್ನು ನಮ್ಮ ಕುಟುಂಬಗಳಿಗೇ ವಿಶೇಷವಾದ ಒಂದು ತೊಡಕು. ಗಲ್ಫಿನಲ್ಲಿ ದುಡಿಯುವ ಅಣ್ಣನ ಹೆಸರಿನಲ್ಲಿ ಗಾಡಿ, ಊರಿನಲ್ಲಿ ಓಡಿಸುವವನು ತಮ್ಮ. ಪಾಲಿಸಿಯಲ್ಲಿ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದು ಬರೆದಿರುತ್ತದೆ, 2018ರಲ್ಲಿ ಅದನ್ನು ಈ ಮೊತ್ತಕ್ಕೆ ಏರಿಸಲಾಯಿತು. ಆದರೆ ಅದರ ಹೆಸರನ್ನು ಗಮನಿಸಿ: 'ಓನರ್ ಡ್ರೈವರ್'. ಮಾಲೀಕನೇ ಚಾಲಕನಾಗಿರಬೇಕು, ಅವನ ಬಳಿ ಚಾಲ್ತಿಯ ಲೈಸೆನ್ಸ್ ಇರಬೇಕು. ಅಣ್ಣ ದಮ್ಮಾಮಿನಲ್ಲಿರುವಾಗ ತಮ್ಮ ಓಡಿಸಿ ಜೀವ ಕಳೆದುಕೊಂಡರೆ ಆ ಹದಿನೈದು ಲಕ್ಷ ಯಾರಿಗೂ ಬರುವುದಿಲ್ಲ. ಥರ್ಡ್ ಪಾರ್ಟಿ ಸಿಗುತ್ತದೆಯೇ ಎಂದರೆ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಕೇಳಿ. ಬೇರೆಯವರ ಬೈಕನ್ನು ಎರವಲು ಪಡೆದು ಹೋಗುತ್ತಿದ್ದವನು ಎತ್ತಿನ ಗಾಡಿಗೆ ಬಡಿದು ತೀರಿಕೊಂಡಿದ್ದ. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಂತವನು, ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನಡಿ ಅವನ ಮನೆಯವರು ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ಆ ವಿಧವೆಗೆ ಈ ಕಾನೂನಿನ ಸೂಕ್ಷ್ಮ ಗಂಡ ಬದುಕಿದ್ದಾಗ ಯಾರಾದರೂ ಹೇಳಿದ್ದರೇ?

ಇದಕ್ಕೆ ಪರಿಹಾರ ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಓಡಿಸುವವನಿಗೆ ಪ್ರತ್ಯೇಕ ಅಪಘಾತ ವಿಮೆ ಇರಲಿ. ಕೊನೇಪಕ್ಷ ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ಅದರಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ. ಹದಿನೆಂಟರಿಂದ ಎಪ್ಪತ್ತು ವರ್ಷದವರಿಗೆ ಸಿಗುತ್ತದೆ, ಅಂದರೆ ಮನೆಯ ಹೆಂಗಸರಿಗೂ ಮಾಡಿಸಬಹುದು. ವ್ಯಾನಿನ ಪಾಲಿಸಿಯಲ್ಲೇ 'ಹೆಸರಿಸದ ಪ್ರಯಾಣಿಕರ' ಅಪಘಾತ ವಿಮೆಯನ್ನು ಸೀಟಿನ ಲೆಕ್ಕದಲ್ಲಿ ಸೇರಿಸಲೂ ಅವಕಾಶವಿದೆ, ಏಜೆಂಟರು ತಾವಾಗಿ ಹೇಳುವುದು ಅಪರೂಪ. ಸಂಬಳದ ಚಾಲಕನಿದ್ದರೆ ಅವನ ಹೊಣೆಯ ಕಂತನ್ನೂ ಸೇರಿಸಿ.

ಹಳೆಯ ಓಮ್ನಿಯನ್ನು ಯಾರಿಂದಲೋ ಕೊಂಡು ವರ್ಷಗಟ್ಟಲೆ ಹಿಂದಿನವರ ಹೆಸರಿನಲ್ಲೇ ಓಡಿಸುವುದು ನಮ್ಮ ಕಡೆ ಮಾಮೂಲು. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ತಾನಾಗಿಯೇ ಬರುತ್ತದೆ, ಆದರೂ ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಸ್ವಂತ ಹಾನಿಯ ಭಾಗ ಹೆಸರು ಬದಲಾಗುವವರೆಗೆ ನಿಮ್ಮದಲ್ಲ. ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಯೂ ಮಾರಿದವರದ್ದೇ, ಅದು ಗಾಡಿಯ ಜೊತೆ ಬರುವುದಿಲ್ಲ. ನಿಮ್ಮದೇ ರಿಯಾಯಿತಿ ಕೂಡ, ನವೀಕರಣ ತೊಂಬತ್ತು ದಿನ ತಡವಾದರೆ ಹೋಯಿತು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನೂ ನವೀಕರಿಸಬೇಕು, ಇಲ್ಲದಿದ್ದರೆ ಪಾಲಿಸಿ ಇದ್ದೂ ಜಗಳ ತಪ್ಪಿದ್ದಲ್ಲ.

ಬಿಳಿ ಬೋರ್ಡಿನ ಬಾಡಿಗೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ನೆರೆಯವರ ಮನೆಯ ಕಾರ್ಯಕ್ಕೆ ವ್ಯಾನು ಕೊಟ್ಟು ಡೀಸೆಲ್, ಪೆಟ್ರೋಲ್ ಎಂದು ಹಣ ಪಡೆಯುವುದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಟ ನಿಷಿದ್ಧ ಎಂದು ಸ್ಪಷ್ಟವಾಗಿ ಬರೆದಿದೆ. ಅಪಘಾತವಾದರೆ ಮೊದಲು ಕೇಳುವ ಪ್ರಶ್ನೆಯೇ ಅದು. ಉಪಕಾರ ಮಾಡಲು ಹೋದವನ ಮನೆಯೇ ಮಾರಾಟಕ್ಕೆ ಬರುತ್ತದೆ. ಬಾಡಿಗೆಗೆ ಗಾಡಿ ಬೇಕಿದ್ದರೆ ಹಳದಿ ಬೋರ್ಡಿನದನ್ನೇ ಹಿಡಿಯಿರಿ, ಪರ್ಮಿಟ್ಟು, ಎಫ್‌ಸಿ, ವಿಮೆಯ ತಾರೀಕು ಕೇಳಲು ನಾಚಿಕೆ ಬೇಡ. ಸೀಟಿಗಿಂತ ಹೆಚ್ಚು ಜನ ಹತ್ತಬೇಡಿ. ಹಿಮಾಚಲದಲ್ಲಿ ಮಿತಿಮೀರಿ ತುಂಬಿದ್ದ ಬಸ್ಸಿನ ಪ್ರಕರಣವೊಂದರಲ್ಲಿ, ಎಷ್ಟು ಸೀಟಿಗೆ ವಿಮೆಯೋ ಅಷ್ಟು ಜನರ ಪರಿಹಾರಕ್ಕೆ ಮಾತ್ರ ಕಂಪನಿ ಹೊಣೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ಕೊಟ್ಟಿದೆ. ಆ ಹಣವನ್ನೇ ಎಲ್ಲರೂ ಹಂಚಿಕೊಳ್ಳಬೇಕಾಯಿತು.

ಈಗ ಓದುಗರು ಖಂಡಿತ ಕೇಳುವ ಪ್ರಶ್ನೆ: ಇದೆಲ್ಲ ಜಾಯಿಝೇ? ಕಾನೂನು ಕಡ್ಡಾಯ ಮಾಡಿದ ವಿಮೆಯನ್ನು ನಿರ್ಬಂಧದ ಕಾರಣಕ್ಕೆ ಒಪ್ಪುವ ಆಲಿಮರು ಹಲವರು. ಅದರಾಚೆಯ ಪಾಲಿಸಿಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಇಸ್ಲಾಮಿ ಸಹಕಾರ ಸಂಘಟನೆಯ ಫಿಕ್ಹ್ ಅಕಾಡೆಮಿ 1985ರಲ್ಲಿ ಜಿದ್ದಾದಲ್ಲಿ ಸೇರಿ, ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ತಿರಸ್ಕರಿಸಿ ಪರಸ್ಪರ ಸಹಕಾರದ ವಿಮೆಯನ್ನು ಎತ್ತಿಹಿಡಿಯಿತು. ಆಕಸ್ಮಿಕ ಸಾವಿನ ದಿಯತ್ತನ್ನು ಒಬ್ಬನೇ ಹೊರದೆ ಇಡೀ ಬಂಧುವರ್ಗ ಹಂಚಿಕೊಳ್ಳುತ್ತಿದ್ದ ಆಕಿಲಾ ಪದ್ಧತಿಯನ್ನು ಫಿಕ್ಹ್ ಓದಿದವರು ಬಲ್ಲರು, ತಕಾಫುಲ್‌ನ ಬೇರು ಅಲ್ಲಿದೆ ಎನ್ನುತ್ತಾರೆ. ಆದರೆ ತಕಾಫುಲ್ ವಾಹನ ವಿಮೆ ನಮ್ಮ ದೇಶದಲ್ಲಿ ಸಿಗುವುದಿಲ್ಲ. ಫತ್ವಾ ಕೊಡುವುದು ಈ ಅಂಕಣದ ಕೆಲಸವಲ್ಲ, ನೀವು ನಂಬುವ ಆಲಿಮರನ್ನು ಕೇಳಿ. ಆದರೆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ. "ಇನ್ಶೂರೆನ್ಸ್ ಮಾಡಬಹುದೇ" ಎಂದಷ್ಟೇ ಅಲ್ಲ, "ಕಡ್ಡಾಯದ ಪಾಲಿಸಿಯಲ್ಲಿ ನನ್ನ ಹೆಂಡತಿ ಮಕ್ಕಳು ಸೇರಿಲ್ಲ, ನಾನು ಏನು ಮಾಡಲಿ" ಎಂದು ಕೇಳಿ. ಬೇಡವೆಂದು ನಿರ್ಧರಿಸಿದರೆ ಆ ಕಂತಿನ ಹಣವನ್ನು ಪ್ರತಿವರ್ಷ ಬೇರೆಯಾಗಿ ಎತ್ತಿಡಿ, ಜಮಾಅತ್ತಿನಲ್ಲಿ ಒಂದು ಅಪಘಾತ ನಿಧಿ ಮಾಡಿ. ಬಡ್ಡಿ ಸಾಲದಲ್ಲಿ ಗಾಡಿ ತರುವಾಗ ಎಚ್ಚರವಾಗದ ತಖ್ವಾ, ವಿಮೆಯ ದೊಡ್ಡ ಕಂತು ಕಂಡಾಗ ಮಾತ್ರ ಎಚ್ಚರವಾಗುವುದನ್ನು ನೋಡಿ ಬೇಸರವಾಗಿದೆ.

ಪ್ಯಾಕೇಜ್ ಪಾಲಿಸಿ ಮಾಡಿಸಿದವರಿಗೆ ಮಲೆನಾಡಿಗೆ ಬೇಕಾದ್ದು ಬಹಳಷ್ಟು ಅದರಲ್ಲಿದೆ. ಪ್ರವಾಹ, ಬಿರುಗಾಳಿ, ಗುಡ್ಡ ಕುಸಿತ, ಮರ ಬೀಳುವುದು, ಬೆಂಕಿ, ಕಳವು. ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗಿನ ಹಾನಿಯೂ ಸೇರಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚಿನ ಮೇಲೆ ಗಾಡಿ ಹತ್ತಿಸಿ ಶರಾವತಿ ಹಿನ್ನೀರು ದಾಟುತ್ತಿದ್ದವರಿಗೆ ಈ ಸಾಲು ಇರುವುದೇ ತಿಳಿದಿರಲಿಲ್ಲವೇನೋ. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆದ ಮೇಲೆ ಆ ಭಯ ಹೋಯಿತು. ಆದರೆ ತುಕ್ಕು, ಸವೆತ ಇದರಲ್ಲಿ ಸೇರುವುದಿಲ್ಲ. ಟೈರು, ಬ್ಯಾಟರಿ, ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಬೆಲೆಯೇ. ಹತ್ತು ವರ್ಷ ಮೀರಿದ ಗಾಡಿಯಾದರೆ ತಗಡಿನ ಭಾಗಗಳಿಗೂ ಅರ್ಧ. ಮುಖ್ಯವಾಗಿ, ಹಳ್ಳದ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಬೇಡಿ. ಸಿಲಿಂಡರಿನೊಳಗೆ ಹೋದ ನೀರನ್ನು ಪಿಸ್ಟನ್ ಒತ್ತಲಾರದೆ ರಾಡು ಬಾಗುತ್ತದೆ, ಆ ನಷ್ಟವನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ತಳ್ಳಿ ದಡಕ್ಕೆ ತಂದು, ಫೋಟೋ ತೆಗೆದು, ಕಂಪನಿಗೆ ಫೋನು ಮಾಡಿ, ಎಳೆಸಿಕೊಂಡು ಹೋಗಿ.

ಅಪಘಾತವಾದರೆ ಪೊಲೀಸ್ ದೂರು, ವಿಮಾ ಕಂಪನಿಗೆ ಸೂಚನೆ ಎರಡೂ ತಕ್ಷಣ ಆಗಬೇಕು. ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಲು 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ. ನಲವತ್ತು ಮುಗಿಯಲಿ, ಇದ್ದತ್ ಮುಗಿಯಲಿ, ಅಣ್ಣ ಗಲ್ಫಿನಿಂದ ಬರಲಿ ಎಂದು ಕಾಯುತ್ತಾ ಕೂರಬೇಡಿ. ಸ್ವಂತ ಗಾಡಿಯ ಹಾನಿಯ ಕ್ಲೇಮನ್ನು ಕಂಪನಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳೊಳಗೆ ಸಮಾಧಾನದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪಾಲಿಸಿಯ ಕಾಗದ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇದ್ದರೆ, ಗಾಡಿಯೊಂದಿಗೆ ಅದೂ ಹೋಗುತ್ತದೆ. ಒಂದು ಝೆರಾಕ್ಸ್ ಮನೆಯಲ್ಲಿ ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇರಲಿ, ಮೇಲ್ಗಡೆ ಮುಗಿಯುವ ತಾರೀಕನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ಈ ಪುಟವನ್ನು ಮನೆಯಲ್ಲಿ ಹೆಚ್ಚು ಓದುವವರು ಹೆಣ್ಣುಮಕ್ಕಳು. ಇವತ್ತು ಸಂಜೆಯೇ ಆ ಕಾಗದವನ್ನು ಹೊರಗೆ ತೆಗೆಸಿ, ತಲೆಯಲ್ಲಿ 'ಪ್ಯಾಕೇಜ್' ಎಂದಿದೆಯೋ 'ಲಯಬಿಲಿಟಿ ಓನ್ಲಿ' ಎಂದಿದೆಯೋ ನೋಡಿ.